ಆರ್‌ಸಿ ಟ್ರಕ್ಕಿನ ಆರ್ಮ್ ಪದೇ ಪದೇ ಮುರಿಯುತ್ತಿದೆ: ಅಲ್ಯೂಮಿನಿಯಂ, ಬಿದ್ರಿ ಎರಕ, ಕಟಿಂಗ್ ಬೋರ್ಡ್, ಯಾವುದು ಸರಿ?

ಪ್ರಶ್ನೆ: ಸರ್, ನಂದು ಬೀದರ. ಡಿಪ್ಲೊಮಾ ಎರಡನೇ ವರ್ಷ ಓದ್ಲಿಕತ್ತೀನಿ. ನನ್ನ ಹತ್ರ 1:10 ಅಳತಿ ರಿಮೋಟ್ ಮಾನ್‌ಸ್ಟರ್ ಟ್ರಕ್ ಅದ, ಹಿಂದಿನ ಗಾಲಿಗಷ್ಟೇ ಮೋಟಾರ್ ಎಳೀತದ. ಮೊದಲಿದ್ದ ಬ್ರಶ್ ಮೋಟಾರ್ ತೆಗದು 3500 ಕೆವಿ ಬ್ರಶ್‌ಲೆಸ್ ಹಾಕೀನಿ, ಬ್ಯಾಟರಿ 3 ಸೆಲ್ ಲೈಪೊ (ಲಿಥಿಯಂ ಪಾಲಿಮರ್). ಅವತ್ತಿನಿಂದ ಮುಂದಿನ ಎಡಗಡೆ ಆರ್ಮ್ (ಗಾಲಿನ ಚಾಸಿಗೆ ಹಿಡಿಯೋ ತೋಳು) ಮೂರು ಸಲ, ನಕಲ್ (ಗಾಲಿ ಎಡಬಲ ತಿರುಗಿಸೋ ಕೀಲು) ಎರಡು ಸಲ ಮುರದಾವ. ತರಿಸಿದ್ರ ಬರ್ಲಿಕ್ಕೆ ಎರಡು ವಾರ ಹಿಡೀತದ. ಲೇತ್ ಅಂಗಡಿಯವರು ಎಲ್ಲಾ ಅಲ್ಯೂಮಿನಿಯಂದಾಗ ಮಾಡಿಸ್ಕೊ, ಜನ್ಮದಾಗ ಮುರಿಯಂಗಿಲ್ಲ ಅಂತಾರ. ನಮ್ಮ ಕಾಕಾ ಬಿದ್ರಿ ಕೆಲಸ ಮಾಡ್ತಾರ, ನಕಲ್ ಎರಕ ಹೊಯ್ದು ಕೊಡ್ತೀನಿ ಅಂದಾರ. ಗೆಳೆಯ ಒಬ್ಬ ಅಡುಗಿಮನಿ ಕಟಿಂಗ್ ಬೋರ್ಡ್ ಕೊರದು ಮಾಡು ಅಂತಾನ. ಹ್ಯಾಕ್ಸಾ, ಫೈಲ್, ಕೈ ಡ್ರಿಲ್, ವರ್ನಿಯರ್ ನನ್ನ ಹತ್ರ ಅವ. ಮೋಟಾರ್ ಸಹ ಕೈ ಇಡಲಾರದಷ್ಟು ಕಾಯ್ತದ. ಏನು ಮಾಡ್ಲಿ?

ಉತ್ತರ: ಮೂವರಲ್ಲಿ ನಿಮ್ಮ ಗೆಳೆಯನ ಮಾತೇ ಸರಿಗೆ ಹತ್ತಿರ. ಲೇತ್‌ನವರು ಹೇಳಿದ್ದು ಅರ್ಧ ಸರಿ. ಕಾಕಾ ಅವರ ಎರಕ ನಕಲ್‌ಗೆ ಆಗಿಬರುವುದಿಲ್ಲ, ಆದರೆ ಅದೇ ಎರಕದಿಂದ ನಿಮಗೆ ಇನ್ನೊಂದು ದೊಡ್ಡ ಉಪಕಾರ ಆಗುತ್ತದೆ. ಅದನ್ನು ಮುಂದೆ ಹೇಳುತ್ತೇನೆ.

ಮೊದಲು ಏನು ಬದಲಾಗಿದೆ ನೋಡಿ. ಬ್ಯಾಟರಿ ಸೇರಿ ನಿಮ್ಮ ಗಾಡಿ ಸುಮಾರು 2.3 ಕೆಜಿ ಎಂದು ಹಿಡಿಯೋಣ. ಗಂಟೆಗೆ 25 ಕಿಮೀ ವೇಗದಲ್ಲಿ ಅದರಲ್ಲಿರುವ ಚಲನ ಶಕ್ತಿ ಸುಮಾರು 55 ಜೂಲ್. 50 ಕಿಮೀಗೆ ಏರಿಸಿದರೆ ಸುಮಾರು 222 ಜೂಲ್. ವೇಗ ಎರಡು ಪಟ್ಟಾದರೆ ಪೆಟ್ಟು ನಾಲ್ಕು ಪಟ್ಟಾಗುತ್ತದೆ. ಕಂಪನಿ ಆರ್ಮ್ ಮಾಡಿದ್ದು ಹಳೆಯ ಬ್ರಶ್ ಮೋಟಾರಿನ ವೇಗಕ್ಕೆ. ಕಲ್ಲಿಗೆ ಬಡಿದಾಗ ಈ ಶಕ್ತಿ ಟೈರಿನಿಂದ ಆಕ್ಸಲ್‌ಗೆ, ಅಲ್ಲಿಂದ ನಕಲ್, ಸಿ-ಹಬ್ (ನಕಲ್ ಹಿಡಿಯುವ ಸಿ ಆಕಾರದ ತುಂಡು), ಆರ್ಮ್, ಹಿಂಜ್ ಪಿನ್ (ಆರ್ಮ್ ಆಡುವ ಕೀಲಿನ ಕಡ್ಡಿ), ಬಲ್ಕ್‌ಹೆಡ್ (ಆರ್ಮ್ ಕೂರುವ ಮುಂಭಾಗದ ಗೂಡು), ಕೊನೆಗೆ ಗಾಡಿಯ ಚೌಕಟ್ಟಾದ ಚಾಸಿಗೆ ಹೋಗುತ್ತದೆ. ದಾರಿಯಲ್ಲಿ ಯಾವುದೋ ಒಂದು ಬಾಗಿ ಅದನ್ನು ನುಂಗಬೇಕು, ಇಲ್ಲವೇ ಮುರಿಯಬೇಕು. ಆರ್ಮ್ ಬದಲಿಸಲು ಒಂದು ಪಿನ್ನು, ಎರಡು ಸ್ಕ್ರೂ ಬಿಚ್ಚಿದರೆ ಸಾಕು. ಬಲ್ಕ್‌ಹೆಡ್ ಬದಲಿಸಲು ಮುಂಭಾಗ ಪೂರ್ತಿ ಕಳಚಬೇಕು. ಚಾಸಿ ಸೀಳಿದರೆ ಹೊಸ ಗಾಡಿಯ ಅರ್ಧ ಖರ್ಚು. ಆದ್ದರಿಂದ ಯಾವ ಭಾಗ ಗಟ್ಟಿಯಾಗಿರಬೇಕು ಎಂಬುದಕ್ಕಿಂತ ಯಾವ ಭಾಗ ಮೊದಲು ಮುರಿಯಬೇಕು ಎಂಬುದನ್ನು ನೀವೇ ತೀರ್ಮಾನಿಸಬೇಕು. ನಿಮ್ಮ ಗಾಡಿಯಲ್ಲಿ ಅದು ಆರ್ಮ್ ಅಥವಾ ಬಂಪರ್ ಆಗಿರಲಿ.

ಹೊಸದು ಮಾಡುವ ಮುನ್ನ

ಮುರಿದ ತುಂಡುಗಳನ್ನು ಬಿಸಾಡಿಲ್ಲ ತಾನೆ? ಮುರಿದ ಜಾಗದಲ್ಲಿ ಪ್ಲಾಸ್ಟಿಕ್ ಬಿಳಿಚಿಕೊಂಡು ಎಳೆದಂತೆ ಇದ್ದರೆ ಅದು ತನ್ನ ಕೈಲಾದಷ್ಟು ಬಾಗಿ ಸೋತಿದೆ. ಗಾಜು ಒಡೆದಂತೆ ನುಣ್ಣಗೆ, ಬಿಳುಪಿಲ್ಲದೆ ತುಂಡಾಗಿದ್ದರೆ ನೈಲಾನ್ ಒಣಗಿದೆ ಎಂದು ಅರ್ಥ. ನೈಲಾನ್ ನೀರು ಹೀರುವ ವಸ್ತು. ಒಳಗೆ ತೇವ ಇದ್ದಾಗ ಬಾಗುತ್ತದೆ, ಒಣಗಿದಾಗ ಪೆಡಸಾಗುತ್ತದೆ. ನಮ್ಮ ಕಡೆಯ ಏಪ್ರಿಲ್, ಮೇ ಬಿಸಿಲಿಗೆ, ಅದೂ ಪ್ಯಾಕೆಟ್‌ನಿಂದ ಆಗಷ್ಟೇ ತೆಗೆದ ಹೊಸ ಭಾಗಕ್ಕೆ, ಇದು ಬಹಳ ಸಲ ಆಗುತ್ತದೆ. ಹೊಸ ನೈಲಾನ್ ಆರ್ಮ್‌ಗಳನ್ನು ಕುದಿಯುವ ನೀರಿನಲ್ಲಿ 20ರಿಂದ 30 ನಿಮಿಷ ಬಿಟ್ಟು, ಅದೇ ನೀರಿನಲ್ಲಿ ತಣ್ಣಗಾಗಲು ಬಿಡಿ. ತಳಕ್ಕೆ ತಾಗಿ ಸೊಟ್ಟಗಾಗದಂತೆ ದಾರಕ್ಕೆ ಕಟ್ಟಿ ತೂಗಿಬಿಡಿ. ಭಾಗ ಕೂದಲೆಳೆಯಷ್ಟು ಹಿಗ್ಗುತ್ತದೆ, ಪಿನ್ ಬಿಗಿಯಾದರೆ ರಂಧ್ರವನ್ನು ಡ್ರಿಲ್ ಬಿಟ್‌ನಿಂದ ಕೈಯಲ್ಲೇ ಒಮ್ಮೆ ತಿರುವಿ ಸಡಿಲಿಸಿ. ಖರ್ಚಿಲ್ಲದ ಕೆಲಸ, ಮೊದಲು ಇದನ್ನೇ ಮಾಡಿ. ಕುದಿಸುವುದು ನೈಲಾನ್‌ಗೆ ಮಾತ್ರ. ಬೇರೆ ಪ್ಲಾಸ್ಟಿಕ್‌ಗೆ ಇದರಿಂದ ಏನೂ ಲಾಭವಿಲ್ಲ.

ನಿಮ್ಮ ಪತ್ರದಲ್ಲಿ ನನ್ನನ್ನು ತಡೆದು ನಿಲ್ಲಿಸಿದ್ದು ಮೂರೂ ಸಲ ಎಡಗಡೆಯೇ ಎಂಬ ಮಾತು. ಇದು ಬರೀ ದುರದೃಷ್ಟ ಆಗಿರಲಾರದು. ಎಡಗಡೆಯ ಒಳ ಹಿಂಜ್ ಪಿನ್ ಬಿಚ್ಚಿ, ಪಾಲಿಶ್ ಮಾಡಿದ ಶಹಾಬಾದ್ ಫರಸಿಯ ಮೇಲೆ ಬೆರಳಿನಿಂದ ಉರುಳಿಸಿ. ನೇರ ಇದ್ದರೆ ಸದ್ದಿಲ್ಲದೆ ಉರುಳುತ್ತದೆ. ಬಾಗಿದ್ದರೆ ಕುಂಟುತ್ತದೆ, ನಡುವೆ ಬೆಳಕು ಕಾಣುತ್ತದೆ. ಬಾಗಿದ ಪಿನ್ ಆರ್ಮನ್ನು ಮೇಲೆ ಕೆಳಗೆ ಆಡಲು ಬಿಡದೆ ಹಿಡಿಯುತ್ತದೆ, ಆಗ ಶಾಕ್ (ಶಾಕ್ ಅಬ್ಸಾರ್ಬರ್) ನುಂಗಬೇಕಾದ ಪೆಟ್ಟೆಲ್ಲ ಆರ್ಮ್‌ಗೇ ಬೀಳುತ್ತದೆ. ಮೊದಲ ಸಲ ಆರ್ಮ್ ಮುರಿದಾಗ ಪಿನ್ ಬಾಗಿದ್ದು, ಆಮೇಲೆ ಹೊಸ ಆರ್ಮ್‌ಗೂ ಅದೇ ಪಿನ್ ಹಾಕಿರುವ ಸಾಧ್ಯತೆ ಹೆಚ್ಚು. ಸುತ್ತಿಗೆಯಿಂದ ನೇರ ಮಾಡಬೇಡಿ. 3 ಮಿಮೀ ಸಿಲ್ವರ್ ಸ್ಟೀಲ್ ರಾಡ್ ತಂದು ಅಳತೆಗೆ ಕತ್ತರಿಸಿಕೊಳ್ಳಿ. ಸೈಕಲ್ ಕಡ್ಡಿ ಸುಮಾರು 2 ಮಿಮೀ ಮಾತ್ರ, 3 ಮಿಮೀ ರಂಧ್ರದಲ್ಲಿ ಲೊಡಲೊಡ ಆಡುತ್ತದೆ; ಅದು ಸ್ಟಿಯರಿಂಗ್ ಲಿಂಕ್‌ಗೆ ಒಳ್ಳೆಯದು, ಹಿಂಜ್ ಪಿನ್‌ಗೆ ಬೇಡ.

ಬಿದ್ರಿ ಎರಕ ಏಕೆ ಬೇಡ

ಬಿದ್ರಿ ಲೋಹದಲ್ಲಿ ಬಹುಪಾಲು ಸತು, ಸುಮಾರು 16 ಪಾಲು ಸತುವಿಗೆ 1 ಪಾಲು ತಾಮ್ರ. ನುಣುಪಾಗಿ ಕೆತ್ತಿಸಿಕೊಂಡು, ಬೆಳ್ಳಿ ತಂತಿಯನ್ನು ಹಿಡಿದಿಟ್ಟುಕೊಂಡು, ಕೋಟೆಯ ಮಣ್ಣು ಮತ್ತು ನವಸಾಗರದ ದ್ರಾವಣದಲ್ಲಿ ಅಚ್ಚಗಪ್ಪಾಗುವುದಕ್ಕೆ ಅದಕ್ಕಿಂತ ತಕ್ಕ ಲೋಹ ಇಲ್ಲ. ಆದರೆ ಬಿದ್ರಿ ಹೂಜಿ ಕೈತಪ್ಪಿ ಕಲ್ಲಿನ ಮೇಲೆ ಬಿದ್ದರೆ ಏನಾಗುತ್ತದೆ ಎಂದು ಕಾಕಾ ಅವರನ್ನೇ ಕೇಳಿ. ಎರಕ ಹೊಯ್ದ ಸತು ಬಾಗುವುದಿಲ್ಲ, ಬಿರಿಯುತ್ತದೆ. ಮಣ್ಣಿನ ಅಚ್ಚಿನಲ್ಲಿ ಸಿಕ್ಕಿಬಿದ್ದ ಸಣ್ಣ ಗಾಳಿಗುಳ್ಳೆ ಹೂದಾನಿಗೆ ತೊಂದರೆ ಮಾಡದಿರಬಹುದು. ನಕಲ್ ತಿರುಗುವ 3 ಮಿಮೀ ಪಿನ್ನಿನ (ಕಿಂಗ್‌ಪಿನ್) ರಂಧ್ರದ ಪಕ್ಕದಲ್ಲಿದ್ದರೆ ಬಿರುಕು ಶುರುವಾಗುವುದೇ ಅಲ್ಲಿಂದ.

ತೂಕದ ಮಾತೂ ಇದೆ. ನಕಲ್‌ನ ಗಾತ್ರ 7 ಘನ ಸೆಂಮೀ ಎಂದಿಟ್ಟುಕೊಂಡರೆ ನೈಲಾನ್‌ನಲ್ಲಿ ಅದು 8 ಗ್ರಾಂ, ಅಲ್ಯೂಮಿನಿಯಂನಲ್ಲಿ 19 ಗ್ರಾಂ, ಬಿದ್ರಿ ಲೋಹದಲ್ಲಿ ಸುಮಾರು 50 ಗ್ರಾಂ. ಈ ತೂಕ ಶಾಕ್‌ನ ಕೆಳಗೆ, ಗಾಲಿಯ ಜೊತೆ ಕುಣಿಯುವ ಭಾಗದಲ್ಲಿ ಕೂರುತ್ತದೆ. ಪ್ರತಿ ಗುಂಡಿಗೂ ಗಾಲಿ ನೆಲ ಬಿಟ್ಟು ತಡವಾಗಿ ಇಳಿಯುತ್ತದೆ, ಸರ್ವೊ (ಸ್ಟಿಯರಿಂಗ್ ತಿರುಗಿಸುವ ಚಿಕ್ಕ ಮೋಟಾರ್) ಒದ್ದಾಡುತ್ತದೆ.

ಅಲ್ಯೂಮಿನಿಯಂ ಎಲ್ಲಿ ಸರಿ, ಎಲ್ಲಿ ತಪ್ಪು

ಆರ್ಮ್ ಅಲ್ಯೂಮಿನಿಯಂನದು ಬೇಡ. ಅದು ಬಾಗಿದರೆ ಬಾಗಿಯೇ ಉಳಿಯುತ್ತದೆ, ಗಾಡಿ ಒಂದು ಕಡೆಗೆ ಎಳೆಯುತ್ತದೆ. ಬಾಗದಿದ್ದರೆ ಬಲ್ಕ್‌ಹೆಡ್ ಸೀಳುತ್ತದೆ. "ಜನ್ಮದಾಗ ಮುರಿಯಂಗಿಲ್ಲ" ಎಂಬ ಮಾತು ಆರ್ಮ್ ಮಟ್ಟಿಗೆ ನಿಜವೇ ಇರಬಹುದು, ಮುರಿಯುವುದು ಅದರ ಹಿಂದಿನದು.

ನಕಲ್ ಮಾತ್ರ ಅಲ್ಯೂಮಿನಿಯಂನಲ್ಲಿ ಮಾಡಿಸಿ. ಅದು ಚಿಕ್ಕ ಭಾಗ, ಬಾಗಲು ಅದರಲ್ಲಿ ಜಾಗವಿಲ್ಲ, ಅದರ ಹಿಂದೆ ಮೆತ್ತನೆಯ ಆರ್ಮ್ ಇರುತ್ತದೆ. ಮುಂದಿನ ಗಾಲಿಗೆ ಡ್ರೈವ್ ಇಲ್ಲದ್ದರಿಂದ ನಿಮ್ಮ ನಕಲ್‌ನಲ್ಲಿ ಬೇರಿಂಗ್ ಗೂಡು ಕೊರೆಯುವ ತಾಪತ್ರಯವೂ ಇಲ್ಲ, ಬೇರಿಂಗ್ ಗಾಲಿಯೊಳಗೇ ಇರುತ್ತದೆ. 6061 ಅಥವಾ 6082 ದರ್ಜೆಯ 12 ಮಿಮೀ ಪಟ್ಟಿ ಕೇಳಿ. ಕಿಟಕಿ ಮಾಡುವವರ ಬಳಿ ಉಳಿಯುವ ತುಂಡು ಸಾಮಾನ್ಯವಾಗಿ 6063, ಇನ್ನೂ ಮೆದು; ಕೆಳಗಿನ ಸ್ಕಿಡ್ ಪ್ಲೇಟ್‌ಗೆ ಸಾಕು. ಗುಜರಿಯ ಎರಕದ ಅಲ್ಯೂಮಿನಿಯಂ ಮಾತ್ರ ಬೇಡ, ಅದರ ಕಥೆಯೂ ಸತುವಿನದೇ. ಕಿಂಗ್‌ಪಿನ್ ರಂಧ್ರದಿಂದ ಸ್ಟಿಯರಿಂಗ್ ಬಾಲ್ ರಂಧ್ರದವರೆಗಿನ ದೂರ ಹಳೆಯ ನಕಲ್‌ನಷ್ಟೇ ಇರಬೇಕು. ಎರಡು ರಂಧ್ರ ಒಂದೇ ಅಳತೆಯವಾದರೆ ಅವುಗಳ ಒಳ ಅಂಚುಗಳ ನಡುವಿನ ದೂರಕ್ಕೆ ಒಂದು ರಂಧ್ರದ ವ್ಯಾಸ ಕೂಡಿಸಿದರೆ ನಡುವಿನಿಂದ ನಡುವಿಗೆ ದೂರ ಸಿಗುತ್ತದೆ. ಎಡಬಲ ಎರಡನ್ನೂ ಒಟ್ಟಿಗೇ ಮಾಡಿಸಿ; ಒಂದು ಲೋಹ, ಒಂದು ಪ್ಲಾಸ್ಟಿಕ್ ಇಟ್ಟು ಓಡಿಸಬೇಡಿ.

ನಕಲ್ ಗಟ್ಟಿಯಾದ ಮೇಲೆ ಪೆಟ್ಟು ಸ್ಟಿಯರಿಂಗ್ ಲಿಂಕ್ ಹಿಡಿದು ಸರ್ವೊ ಕಡೆಗೂ ಹೋಗುತ್ತದೆ. ಪೆಟ್ಟು ಬಿದ್ದಾಗ ಜಾರಿ ಸರ್ವೊ ಉಳಿಸುವ ಸರ್ವೊ ಸೇವರ್‌ನ ಸ್ಪ್ರಿಂಗ್ ಬಿಗಿದು ಲಾಕ್ ಮಾಡುವುದನ್ನು ಹಲವರು ಸುಧಾರಣೆ ಎಂದು ತಿಳಿದಿದ್ದಾರೆ. ಅದು ಸರ್ವೊ ಗಿಯರ್ ಹಲ್ಲು ಉದುರಿಸುವ ದಾರಿ. ಸರ್ವೊ ಬದಲಿಸುವುದಿದ್ದರೆ ಕಾಲೇಜಿನ ರೋಬೋಟ್ ಪ್ರಾಜೆಕ್ಟ್‌ಗಳಲ್ಲಿ ಬಳಸುವ ಎಂಜಿ996ಆರ್ ಥರದ ಲೋಹದ ಗಿಯರಿನದು, 6 ವೋಲ್ಟ್‌ನಲ್ಲಿ 11 ಕೆಜಿ-ಸೆಂಮೀ ಆಸುಪಾಸು, ನಿಮ್ಮ ಗಾಡಿಗೆ ಧಾರಾಳ. ಅದು ಸಿಕ್ಕಿಹಾಕಿಕೊಂಡಾಗ ಸುಮಾರು 2.5 ಆಂಪಿಯರ್ ಎಳೆಯುತ್ತದೆ, ಇಎಸ್‌ಸಿಯ (ಮೋಟಾರ್ ವೇಗ ನಿಯಂತ್ರಿಸುವ ಸರ್ಕ್ಯೂಟ್) ಒಳಗಿನ ಬಿಇಸಿ, ಅಂದರೆ ಸರ್ವೊ ಮತ್ತು ರಿಸೀವರ್‌ಗೆ ವಿದ್ಯುತ್ ಕೊಡುವ ಭಾಗ, 3 ಆಂಪಿಯರ್ ಕೊಡುತ್ತದೆಯೇ ನೋಡಿಕೊಳ್ಳಿ. ಕೊಡದಿದ್ದರೆ ತಿರುವಿನಲ್ಲಿ ರಿಸೀವರ್ ಆರಿ ಗಾಡಿ ಕೈಬಿಟ್ಟು ಹೋಗುತ್ತದೆ. ಮತ್ತೆ, ಲೋಹಕ್ಕೆ ಲೋಹ ಸೇರುವ ಸ್ಕ್ರೂಗೆ ಥ್ರೆಡ್‌ಲಾಕರ್ (ಸ್ಕ್ರೂ ಸಡಿಲವಾಗದಂತೆ ಹಿಡಿಯುವ ಅಂಟು) ಒಂದು ಹನಿ ಹಾಕಿ. ಪಾಲಿಕಾರ್ಬೊನೇಟ್ ಬಾಡಿಗೆ ಅದು ತಾಗದಿರಲಿ, ತಾಗಿದಲ್ಲಿ ಬಿರುಕು ಬಿಡುತ್ತದೆ.

ಕಟಿಂಗ್ ಬೋರ್ಡ್ ಆರ್ಮ್

ಹೋಟೆಲ್ ಸಾಮಾನಿನ ಅಂಗಡಿಯಲ್ಲಿ ದಪ್ಪ ಎಚ್‌ಡಿಪಿಇ (ಗಟ್ಟಿ ಪಾಲಿಥೀನ್) ಬೋರ್ಡ್ ಸಿಗುತ್ತದೆ, 12 ಮಿಮೀ ಇರುವುದನ್ನು ಆರಿಸಿ. ಮನೆಯ ತೆಳು ಬೋರ್ಡ್ ಬೇಡ. ಎಚ್‌ಡಿಪಿಇ ಹೌದೋ ಅಲ್ಲವೋ ಎಂದು ನೋಡಲು ಅಂಚನ್ನು ಚಾಕುವಿನಿಂದ ಹೆರೆಯಿರಿ: ತುಂಡಾಗದೆ ಸುರುಳಿ ಬರಬೇಕು, ಆ ಸುರುಳಿ ನೀರಿನಲ್ಲಿ ತೇಲಬೇಕು. ಅಕ್ರಿಲಿಕ್ ಮತ್ತು ಎಬಿಎಸ್ ಮುಳುಗುತ್ತವೆ. ಪಾಲಿಪ್ರೊಪಿಲೀನ್ ಕೂಡ ತೇಲುತ್ತದೆ, ಅದಾದರೂ ನಡೆಯುತ್ತದೆ.

12 ಮಿಮೀ ಏಕೆ? ಎಚ್‌ಡಿಪಿಇ ಒಣ ನೈಲಾನ್‌ನ ಅರ್ಧಕ್ಕಿಂತ ಕಡಿಮೆ ಬಿಗಿ. ಆದರೆ ಬಾಗದಿರುವ ಗುಣ ದಪ್ಪದ ಘನದ ಲೆಕ್ಕದಲ್ಲಿ ಏರುತ್ತದೆ. 8 ಮಿಮೀ ಬದಲು 12 ಮಿಮೀ ಇಟ್ಟರೆ 3.4 ಪಟ್ಟು. ಮೆದು ವಸ್ತುವಿನ ಕೊರತೆ ದಪ್ಪದಲ್ಲಿ ತುಂಬಿಬರುತ್ತದೆ, ಪೆಟ್ಟು ನುಂಗುವ ಗುಣ ಉಳಿಯುತ್ತದೆ.

ಕಷ್ಟ ಇರುವುದು ಕತ್ತರಿಸುವುದರಲ್ಲಿ ಅಲ್ಲ, ಹಿಂಜ್ ಪಿನ್ ರಂಧ್ರದಲ್ಲಿ. ಬೋರ್ಡಿನ ದಪ್ಪದ ನಡುವೆ, ಅಂಚಿನಿಂದ ಅಂಚಿಗೆ 40–50 ಮಿಮೀ ಉದ್ದ ಕೈ ಡ್ರಿಲ್‌ನಲ್ಲಿ ಕೊರೆದರೆ ಬಿಟ್ ಅಲೆದು ಆಚೆ ಎಲ್ಲೋ ಹೊರಬರುತ್ತದೆ. ಒಳಗಿನ ಪಿನ್ನಿಗೂ ಹೊರಗಿನ ಪಿನ್ನಿಗೂ ಸಮಾಂತರ ತಪ್ಪಿದರೆ ಆರ್ಮ್ ಬಿಗಿಯುತ್ತದೆ, ಮತ್ತೆ ಎಡಗಡೆಯ ಕಥೆಯೇ. ಕಾಕಾ ಅವರ ಎರಕ ಉಪಯೋಗಕ್ಕೆ ಬರುವುದು ಇಲ್ಲಿ. ಅವರಿಂದ ಯು ಆಕಾರದ ಒಂದು ದಪ್ಪ ಗಟ್ಟಿ ಹೊಯ್ಸಿಕೊಳ್ಳಿ: ಎರಡು ಕಾಲುಗಳ ನಡುವೆ ಆರ್ಮ್‌ನ ಅಗಲ ಕೂರುವಷ್ಟು ಜಾಗ, ಕಾಲು ಒಂದೊಂದೂ 15 ಮಿಮೀ ದಪ್ಪ. ಫರಸಿಯ ಮೇಲೆ ನೀರು ಕಾಗದ (ನೀರು ಹಾಕಿ ಉಜ್ಜುವ ಸ್ಯಾಂಡ್‌ಪೇಪರ್) ಹಾಸಿ, ತಳವನ್ನೂ ಬೋರ್ಡ್ ಕೂರುವ ಒಳಮೈಯನ್ನೂ ತಿಕ್ಕಿ ಮಟ್ಟ ಮಾಡಿ. ಸತು ಫೈಲ್‌ಗೆ ಸುಲಭವಾಗಿ ಬಗ್ಗುತ್ತದೆ, ಕಾಕಾ ಅವರ ಕೈಯಲ್ಲಂತೂ ಹೇಳುವುದೇ ಬೇಡ. ಆಮೇಲೆ ಲೇತ್ ಅಂಗಡಿಯ ಪಿಲ್ಲರ್ ಡ್ರಿಲ್‌ನಲ್ಲಿ, ಒಮ್ಮೆ ಕಟ್ಟಿದ್ದನ್ನು ಬಿಚ್ಚದೆ, ಎರಡೂ ಕಾಲು ದಾಟುವಂತೆ ಒಳ ಪಿನ್ನಿಗೊಂದು, ಹೊರ ಪಿನ್ನಿಗೊಂದು ರಂಧ್ರ ಹಾಕಿಸಿ. ರಂಧ್ರಗಳಿಗೆ 3.2 ಮಿಮೀ ಒಳ ಅಳತೆಯ ಸ್ಟೀಲ್ ಬುಶ್ ಕೂರಿಸಿದರೆ ಡ್ರಿಲ್ ಬಿಟ್ ಸತುವನ್ನು ಸವೆಸುವುದಿಲ್ಲ. ಇದು ನಿಮ್ಮ ಜಿಗ್, ಅಂದರೆ ಬಿಟ್‌ಗೆ ದಾರಿ ತೋರುವ ಸಾಧನ. ಪೆಟ್ಟು ಬೀಳದ ಕೆಲಸಕ್ಕೆ ಸತು ಬಲು ಚೆನ್ನ, ಅದರ ಭಾರವೂ ಇಲ್ಲಿ ಗುಣವೇ, ಅಲುಗಾಡದೆ ಕೂರುತ್ತದೆ.

ಈಗ ಆರ್ಮ್. ಒಳ್ಳೆಯ ಬಲಗಡೆ ಆರ್ಮ್ ಇಟ್ಟು ಬೋರ್ಡಿನ ಮೇಲೆ ಗೆರೆ ಎಳೆಯಿರಿ. ಒಳಮೂಲೆ ಬರುವ ಪ್ರತಿ ಜಾಗದಲ್ಲೂ ಮೊದಲು 5 ಮಿಮೀ ರಂಧ್ರ ಕೊರೆದು, ಹ್ಯಾಕ್ಸಾ ಆ ರಂಧ್ರಕ್ಕೆ ಬಂದು ನಿಲ್ಲುವಂತೆ ಕತ್ತರಿಸಿ. ಚೂಪು ಮೂಲೆ ಉಳಿದರೆ ಬಿರುಕು ಅಲ್ಲೇ ಹುಟ್ಟುತ್ತದೆ, ಗುಂಡಗಿದ್ದರೆ ಇಲ್ಲ. ಪಿನ್ ಹೋಗುವ ಅಂಚಿನ ನಡುಭಾಗ ತೆಗೆದುಹಾಕಿ ಎರಡು ತುದಿಯಲ್ಲಿ 10 ಮಿಮೀ ಅಗಲದ ಕಿವಿಗಳನ್ನಷ್ಟೇ ಉಳಿಸಿ. ಉದ್ದ ರಂಧ್ರದ ತೊಂದರೆ ಅರ್ಧ ಇಲ್ಲೇ ಮುಗಿಯಿತು. ಜಿಗ್‌ನಲ್ಲಿ ಕೂರಿಸಿ 3 ಮಿಮೀ ಪಿನ್ನಿಗೆ 3.2 ಮಿಮೀ ಬಿಟ್‌ನಿಂದ ನಿಧಾನ ವೇಗದಲ್ಲಿ ಕೊರೆಯಿರಿ, ಪ್ರತಿ 5 ಮಿಮೀಗೆ ಬಿಟ್ ಹೊರಗೆಳೆದು ಚೂರು ತೆಗೆಯಿರಿ. ಅವಸರ ಮಾಡಿದರೆ ಪ್ಲಾಸ್ಟಿಕ್ ಕರಗಿ ಬಿಟ್‌ಗೆ ಸುತ್ತಿಕೊಳ್ಳುತ್ತದೆ, ತಣ್ಣಗಾದ ಮೇಲೆ ರಂಧ್ರ ಕುಗ್ಗಿ ಪಿನ್ ಹೋಗುವುದಿಲ್ಲ. ಫೈಲ್‌ನ ಹಲ್ಲು ಬೇಗ ಕಟ್ಟಿಕೊಳ್ಳುತ್ತದೆ, ಅಂಚು ನಯ ಮಾಡಲು ಚಾಕುವಿನಿಂದ ಹೆರೆಯುವುದೇ ಮೇಲು. ಚಪ್ಪಟೆ ಆರ್ಮ್ ಆದ್ದರಿಂದ ಮಗುಚಿದರೆ ಬಲಗಡೆಯದು ಎಡಗಡೆಗೂ ಆಗುತ್ತದೆ.

ಎಚ್‌ಡಿಪಿಇ ಸ್ಕ್ರೂವಿನ ಎಳೆ ಹಿಡಿಯುವುದಿಲ್ಲ, ಅಂಟೂ ಹಿಡಿಯುವುದಿಲ್ಲ. ಶಾಕ್ ಕೂರುವಲ್ಲಿ ಸೀಳು ಮಾಡಿ ಎಂ3 ಬೋಲ್ಟ್ ಆರುಪಾರು ಹಾಯಿಸಿ ನೈಲಾಕ್ ನಟ್ (ತಾನಾಗಿ ಸಡಿಲವಾಗದ ನಟ್) ಹಾಕಿ. ಬಲ್ಕ್‌ಹೆಡ್‌ನ ಎರಡೂ ಬದಿಗೆ 0.3 ಮಿಮೀ ಸಡಿಲ ಬಿಡಿ. ಬಿಸಿಲಿಗೆ ಈ ಪ್ಲಾಸ್ಟಿಕ್ ಬಹಳ ಹಿಗ್ಗುತ್ತದೆ. ಬೆಳಿಗ್ಗೆ ನೆರಳಲ್ಲಿ ಸರಿಯಾಗಿ ಕೂತ ಆರ್ಮ್ ಮಧ್ಯಾಹ್ನ 42 ಡಿಗ್ರಿಯಲ್ಲಿ ಬಿಗಿಯುವುದು ಇದೇ ಕಾರಣಕ್ಕೆ. ಶಾಕ್ ಕಳಚಿದಾಗ ಆರ್ಮ್ ತನ್ನ ಭಾರಕ್ಕೇ ಕೆಳಗೆ ಬೀಳಬೇಕು. ಬೀಳದಿದ್ದರೆ ಓಡಿಸಬೇಡಿ.

ಇದರ ದೋಷವನ್ನೂ ಹೇಳಬೇಕು. ಆರ್ಮ್ ತುಸು ತಿರುಚುವುದರಿಂದ ಜೋರು ವೇಗದಲ್ಲಿ ಸ್ಟಿಯರಿಂಗ್ ಮೊದಲಿನಷ್ಟು ಖಚಿತ ಇರುವುದಿಲ್ಲ. ಬಿಳಿ ಬೋರ್ಡ್ ವರ್ಷಗಟ್ಟಲೆ ಬಿಸಿಲಲ್ಲಿದ್ದರೆ ಪೆಡಸಾಗುತ್ತದೆ. ರೇಸ್‌ಗೆ ಇದು ಬೇಡ, ಬೀದರಿನ ಕೆಂಪು ಮುರುಮ್ ಬಯಲಿಗೆ ಸಾಕು. ತ್ರೀಡಿ ಪ್ರಿಂಟ್ ಮಾಡಿಸುವ ಯೋಚನೆ ಬಂದರೆ ಪಿಎಲ್‌ಎ (ಪ್ರಿಂಟರಿನ ಸಾಮಾನ್ಯ ಪ್ಲಾಸ್ಟಿಕ್) ಬೇಡವೇ ಬೇಡ, ಅದು 60 ಡಿಗ್ರಿ ಹತ್ತಿರ ಮೆತ್ತಗಾಗುತ್ತದೆ. ಮೇ ತಿಂಗಳಲ್ಲಿ ಮುಚ್ಚಿದ ಕಾರಿನೊಳಗೆ ಇಟ್ಟರೆ ಸೊಟ್ಟಗಾಗಲು ಅಷ್ಟು ಸಾಕು.

ಉಳಿದ ಬೋರ್ಡಿನಿಂದ ಬಂಪರ್ ಮಾಡಿ. 6 ಮಿಮೀ ತುಂಡು ಸಿಕ್ಕರೆ ಒಳ್ಳೆಯದು. ಟೈರ್‌ಗಿಂತ 25–30 ಮಿಮೀ ಮುಂದೆ ಚಾಚಿರಲಿ, ಅಗಲ ಎರಡೂ ಟೈರಿನ ಅರ್ಧದವರೆಗೆ ಬರಲಿ. ಕಲ್ಲು ಮೊದಲು ಗಾಲಿಗೆ ಬಡಿಯುವುದರಿಂದಲೇ ಆರ್ಮ್ ಮುರಿಯುವುದು. ಬಂಪರನ್ನು ನೈಲಾನ್ ಸ್ಕ್ರೂ ಅಥವಾ ಕೇಬಲ್ ಟೈನಿಂದ ಕಟ್ಟಿ, ದೊಡ್ಡ ಪೆಟ್ಟಿಗೆ ಅವೇ ಹರಿದುಹೋಗಲಿ. ಕಲಬುರಗಿ, ಯಾದಗಿರಿ ಕಡೆಯ ಎರೆ ಹೊಲದಲ್ಲಿ ಓಡಿಸುವವರು ಮಳೆಯಾದ ಮೇಲೆ ಟೈರಿಗೆ ಮೆತ್ತಿದ ಮಣ್ಣನ್ನು ಆಗಾಗ ಕೆರೆದು ತೆಗೆಯಬೇಕು; ಆ ಭಾರವೂ ಆರ್ಮ್ ಮೇಲೆಯೇ.

ಮೋಟಾರ್ ಮತ್ತು ಬ್ಯಾಟರಿ

3500 ಕೆವಿ ಎಂದರೆ ವೋಲ್ಟ್ ಒಂದಕ್ಕೆ, ಹೊರೆಯಿಲ್ಲದಾಗ, ನಿಮಿಷಕ್ಕೆ 3500 ಸುತ್ತು. 11.1 ವೋಲ್ಟ್‌ಗೆ 38,850. 2 ಸೆಲ್ ಬ್ಯಾಟರಿಯ 7.4 ವೋಲ್ಟ್‌ಗೆ 25,900. ನೀವು ಹಳೆಯ ಪಿನಿಯನ್ನನ್ನೇ (ಮೋಟಾರಿನ ತುದಿಯ ಚಿಕ್ಕ ಗಿಯರ್) ಉಳಿಸಿಕೊಂಡಿದ್ದರೆ ಮೋಟಾರ್ ಕಾಯುವುದಕ್ಕೆ ಅದೇ ಕಾರಣ. ಪಿನಿಯನ್ 3–4 ಹಲ್ಲು ಕಡಿಮೆ ಮಾಡಿ. ಹಲ್ಲಿನ ಅಳತೆ ಅದು ತಿರುಗಿಸುವ ದೊಡ್ಡ ಸ್ಪರ್ ಗಿಯರಿನದ್ದೇ ಇರಬೇಕು: 48 ಪಿಚ್ ಮತ್ತು 0.6 ಮಾಡ್ಯೂಲ್ ನೋಡಲು ಹತ್ತಿರ ಹತ್ತಿರ, ಕೂಡಿಸಿದರೆ ಸ್ಪರ್ ಹಲ್ಲು ಉದುರುತ್ತದೆ. ಎರಡು ಗಿಯರ್ ನಡುವೆ ನೋಟ್‌ಬುಕ್ ಹಾಳೆಯ ಚೂರು ಇಟ್ಟು ಒತ್ತಿ ಮೋಟಾರ್ ಬಿಗಿದು, ಹಾಳೆ ತಿರುಗಿಸಿ ತೆಗೆಯಿರಿ. ಹಾಳೆ ಹರಿಯದೆ ಮಡಿಕೆ ಬಿದ್ದು ಬಂದರೆ ಅಂತರ ಸರಿ.

5 ನಿಮಿಷ ಓಡಿಸಿ ಮೋಟಾರಿನ ಬಿಸಿ ಅಳೆಯಿರಿ. 80 ಡಿಗ್ರಿ ದಾಟಿದರೆ ಒಳಗಿನ ಆಯಸ್ಕಾಂತ ಶಕ್ತಿ ಕಳೆದುಕೊಳ್ಳುವ ಭಯ. ಚಳಿಗಾಲದ 25 ಡಿಗ್ರಿಯಲ್ಲಿ ನಿಮಗೆ 55 ಡಿಗ್ರಿ ಅವಕಾಶ ಇರುತ್ತದೆ, ಮೇ ತಿಂಗಳ 42ರಲ್ಲಿ 38 ಮಾತ್ರ. ಆಗ 2 ಸೆಲ್ ಬ್ಯಾಟರಿಗೆ ಇಳಿಯುವುದು ಜಾಣತನ. ಲೈಪೊವನ್ನು 1ಸಿ ದರದಲ್ಲಿ ಚಾರ್ಜ್ ಮಾಡಿ, 5000 ಎಂಎಎಚ್ ಆದರೆ 5 ಆಂಪಿಯರ್. ಬಿಸಿಲಿನಿಂದ ಬಂದ ಬ್ಯಾಟರಿಯನ್ನು ತಣ್ಣಗಾಗಿಸದೆ ಚಾರ್ಜಿಗೆ ಹಾಕಬೇಡಿ, 45 ಡಿಗ್ರಿ ಮೇಲೆ ಚಾರ್ಜ್ ಮಾಡುವುದು ಬೆಂಕಿಯ ಅಪಾಯ. ಉಬ್ಬಿದ ಬ್ಯಾಟರಿ ಮತ್ತೆ ಬಳಸುವಂತಿಲ್ಲ. ಎರಡು ದಿನಕ್ಕಿಂತ ಹೆಚ್ಚು ಇಡುವುದಿದ್ದರೆ ಸೆಲ್‌ಗೆ 3.8 ವೋಲ್ಟ್ ಇರಲಿ.

ಎಲ್ಲ ಜೋಡಿಸಿದ ಮೇಲೆ ಮೊದಲ ಓಟ ಟ್ರಾನ್ಸ್‌ಮಿಟರ್‌ನಲ್ಲಿ ಥ್ರಾಟಲ್ ಅರ್ಧಕ್ಕೆ ಮಿತಿ ಮಾಡಿ, ಜನರಿಲ್ಲದ ಜಾಗದಲ್ಲಿ ಹತ್ತು ನಿಮಿಷ ಇರಲಿ. ಆಮೇಲೆ ಮುಂಭಾಗ ಬಿಚ್ಚಿ ಪಿನ್‌ಗಳನ್ನು ಮತ್ತೆ ಫರಸಿ ಮೇಲೆ ಉರುಳಿಸಿ, ಬಲ್ಕ್‌ಹೆಡ್‌ನ ಪಿನ್ ರಂಧ್ರದ ಸುತ್ತ ಕೂದಲೆಳೆಯಂಥ ಬಿರುಕು ಇದೆಯೇ ಎಂದು ಬೆಳಕಿಗೆ ಹಿಡಿದು ನೋಡಿ. ಬಿರುಕು ಕಂಡರೆ ನಿಮ್ಮ ಆರ್ಮ್ ಅಗತ್ಯಕ್ಕಿಂತ ಗಟ್ಟಿಯಾಗಿದೆ. ಅದರ ನಡುಭಾಗವನ್ನು ಎರಡೂ ಮೈಯಿಂದ ಒಂದೊಂದು ಮಿಮೀ ಹೆರೆದು 12ರಿಂದ 10ಕ್ಕೆ ಇಳಿಸಿ.